ಒಣಗದ ಕನಕಾಂಬರ

ನನ್ನ ಪಂಚೆಗಳಲ್ಲಿ ಈಗ ಎರಡು ಜಾತಿ. ಮದುವೆ, ಗೃಹಪ್ರವೇಶಗಳಿಗೆ ಉಡುವ ಬಿಳಿಯವು ಒಂದು. ಮನೆಯಲ್ಲಿ ಉಡುವ ಉಳಿದವು ಇನ್ನೊಂದು. ಈ ಉಳಿದವುಗಳಲ್ಲಿ ಮಂಡಿಯ ಹತ್ತಿರ ಹಳದಿ, ತೊಡೆಯ ಮೇಲೆ ಹಸಿರು ಬೆರಳಿನ ಗುರುತು, ಅಂಚಿನಲ್ಲಿ ಎಂದೋ ಕೆಟ್ಟುಹೋದ ದಾಸವಾಳದ ಕೆಂಪು. ನನ್ನ ಹೆಂಡತಿ ಶಾಂತ ಇವನ್ನು ಉಜ್ಜುವುದನ್ನು ಬಿಟ್ಟು ಬಹಳ ಕಾಲವಾಯಿತು. "ಉಜ್ಜಿದ್ರೆ ಹೋಗೋ ಕಲೆ ಆಗಿದ್ರೆ ಉಜ್ತಿದ್ದೆ ಕಣ್ರೀ. ಇದು ನಿಮ್ ಹಟ ಇದ್ದಂಗೆ, ಹೋಗಲ್ಲ," ಎನ್ನುತ್ತಾಳೆ. ಮೊನ್ನೆ ಸ್ನಾನ ಮಾಡಿ ಬಂದು ಹಗ್ಗದ ಮೇಲಿಂದ ಒಂದು ಪಂಚೆ ಎಳೆದುಕೊಂಡೆ. ಅದರ ತುದಿಯಲ್ಲಿ ಕಿತ್ತಳೆಗೂ ಗುಲಾಬಿಗೂ ನಡುವಿನ ಒಂದು ಕಲೆ ಕಂಡಿತು. ಕನಕಾಂಬರದ ಬಣ್ಣ. ಅದನ್ನೇ ನೋಡುತ್ತ, ಉಡುವುದನ್ನು ಮರೆತು, ಟವೆಲಿನಲ್ಲೇ ಅಂಗಳದಲ್ಲಿ ನಿಂತುಬಿಟ್ಟೆ. ಬೀದಿಯಲ್ಲಿ ಹೋಗುವವರು ನೋಡುತ್ತಿದ್ದಾರೆಂದು ಶಾಂತ ಬಂದು ನೆನಪಿಸಬೇಕಾಯಿತು.

ಹೌದು, ನಾನು ಹೂವಿನ ಚಿತ್ರ ಬರೆಯುತ್ತೇನೆ. ಫೋಟೋ ನೋಡಿಕೊಂಡು ಅಲ್ಲ. ಹೂವನ್ನೇ ಎದುರಿಗಿಟ್ಟುಕೊಂಡು, ಎಣ್ಣೆಬಣ್ಣದಲ್ಲಿ. ದಂಡಿನಶಿವರದ ಕಡೆಯ ಒಬ್ಬ ತೆಂಗಿನ ತೋಟದವನು ಹೀಗೆ ಕುಂಚ ಹಿಡಿದು ಕೂತನೆಂದರೆ ಊರು ಸುಮ್ಮನಿರುತ್ತದೆಯೇ? ಶುರುವಿನಲ್ಲೇ ಒಬ್ಬ ಬಂದು, "ಅಣ್ಣ, ಹೆಂಗೂ ಬಣ್ಣ ಕಲಸಿದ್ದೀಯ, ನಮ್ ಟ್ರ್ಯಾಕ್ಟ್ರು ಹಿಂದ್ಗಡೆ ದೇವ್ರು ಹೆಸ್ರು ಬರ್ಕೊಟ್ಬುಡು," ಎಂದ. ಬರೆದುಕೊಟ್ಟೆ. ಊರಿನವರೆಲ್ಲ ಒಮ್ಮತದಿಂದ ಒಪ್ಪಿಕೊಂಡಿರುವ ನನ್ನ ಕೃತಿ ಇಂದಿಗೂ ಅದೊಂದೇ.

ತಪ್ಪು ಡಾಕ್ಟರದು. ಮಂಡಿನೋವೆಂದು ತುಮಕೂರಿಗೆ ಹೋಗಿದ್ದೆ. ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ತೋಟದಲ್ಲಿ ಸುತ್ತಿದ್ದು ಸಾಕು, ಇನ್ನು ಕೂತು ಮಾಡುವ ಕೆಲಸ ಏನಾದರೂ ಹುಡುಕಿಕೊಳ್ಳಿ," ಎಂದರು. ನಮ್ಮೂರಿನಲ್ಲಿ ಕೂತು ಮಾಡುವ ಕೆಲಸವೆಂದರೆ ಇಸ್ಪೀಟು. ಅದು ನನಗೆ ಬರುವುದಿಲ್ಲ, ಎಲೆ ಕೈಗೆ ಬಂದ ತಕ್ಷಣ ಮುಖದಲ್ಲಿ ಗೊತ್ತಾಗಿಬಿಡುತ್ತದೆ. ಬಸ್ ಸ್ಟ್ಯಾಂಡಿಗೆ ಕುಂಟುತ್ತ ಬರುವಾಗ ದಾರಿಯಲ್ಲಿ ಒಂದು ಬಣ್ಣದ ಅಂಗಡಿ. ಗಾಜಿನ ಹಿಂದೆ ಪುಟ್ಟ ಪುಟ್ಟ ಟ್ಯೂಬುಗಳು, ಹಲ್ಲುಜ್ಜುವ ಪೇಸ್ಟಿನ ಮರಿಗಳ ಹಾಗೆ, ಸಾಲಾಗಿ ಮಲಗಿದ್ದವು. ಮಂಡಿಯ ಮಾತ್ರೆಯನ್ನು ಮರೆತು ಬಣ್ಣ ತಂದೆ. ಆ ದಿನ ಮನೆಯಲ್ಲಿ ನಡೆದ ಮಾತುಕತೆಯನ್ನು ಇಲ್ಲಿ ಬರೆಯುವುದಿಲ್ಲ.

ಗುರು ಸಿಕ್ಕಿದ್ದು ಫೋನಿನಲ್ಲಿ. ಯಾವುದೋ ದೇಶದ ಬಿಳಿಗಡ್ಡದ ಮುದುಕ. ಅವನ ಮಾತು ನನಗೆ ಅರ್ಧ ತಿಳಿಯುವುದಿಲ್ಲ, ಆದರೆ ಕೈ ಏನು ಮಾಡುತ್ತದೆ ಎಂದು ತಿಳಿಯುತ್ತದೆ. ಒಂದು ಲೋಟದಲ್ಲಿ ಹೂವಿಟ್ಟುಕೊಂಡು ಎದುರಿಗೆ ನಿಲ್ಲುತ್ತಾನೆ. ಬಣ್ಣ ಒಣಗಲಿ ಎಂದು ಕಾಯದೆ ಹಸಿಯ ಮೇಲೆ ಹಸಿ ಹಚ್ಚುತ್ತಾನೆ. ಹೂವು ಬಾಡುವುದರೊಳಗೆ ಮುಗಿಸಿ ಕೈ ಒರೆಸಿಕೊಳ್ಳುತ್ತಾನೆ. ತಿದ್ದುವುದಿಲ್ಲ, ನಾಳೆಗೆ ಇಡುವುದಿಲ್ಲ. ಇದಕ್ಕೆ 'ಆಲಾ ಪ್ರೀಮಾ' ಎನ್ನುತ್ತಾರಂತೆ, ಇಟಲಿಯವರ ಮಾತು. ಒಂದೇ ಸಲ ಕೂತು ಕೆಲಸ ಮುಗಿಸುವುದು ಎಂದು ನಾನು ತಿಳಿದುಕೊಂಡೆ.

ಈಗ ನಮ್ಮ ಕಡೆಯ ರೀತಿ ನೋಡಿ. ನಾವು ಕಾಯಿ ಕೆಡವಿ ಅಟ್ಟಕ್ಕೆ ಹಾಕುವವರು. ವರ್ಷ ತುಂಬುವ ಹೊತ್ತಿಗೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗೊಡಗೊಡ ಎನ್ನುತ್ತದೆ. ಅಲ್ಲಿಯತನಕ ಅದರ ಸುದ್ದಿಗೆ ಹೋಗುವಂತಿಲ್ಲ. ಕಾಯುವುದೇ ನಮ್ಮ ಕಸುಬು. ನಮ್ಮಲ್ಲಿ ಹೆಣ್ಣು ನೋಡಿಕೊಂಡು ಹೋದವರು 'ಹೂಂ' ಎನ್ನುವುದಕ್ಕೆ ಒಂದು ಸುಗ್ಗಿ ತೆಗೆದುಕೊಳ್ಳುತ್ತಾರೆ. ನೆಂಟರ ಮನೆಗೆ ಹೋದರೆ "ಹೊರಡ್ತೀವಿ" ಎಂದು ಎದ್ದು ನಿಂತ ಮೇಲೆ ನಿಜವಾದ ಮಾತು ಶುರುವಾಗುತ್ತದೆ. ಇಂಥ ಜನರ ನಡುವೆ ಹುಟ್ಟಿ, ಹೂವು ಬಾಡುವುದರೊಳಗೆ ಮುಗಿಯಬೇಕಾದ ವಿದ್ಯೆಗೆ ಕೈ ಹಾಕಿದೆನಲ್ಲ, ನನಗೆ ಏನೆನ್ನಬೇಕು? ನಾನು ಬಣ್ಣ ಕಲಸಿ, ಕುಂಚ ಆರಿಸಿ, ಕನ್ನಡಕ ಒರೆಸಿ, ಕಾಫಿ ಕುಡಿದು ಕೂರುವ ಹೊತ್ತಿಗೆ ಹೂವು ಕತ್ತು ಬಗ್ಗಿಸಿರುತ್ತಿತ್ತು.

ಮೊದಮೊದಲು ಏನು ಬರೆದರೂ ಹಸಿಯೊಳಕ್ಕೆ ಹಸಿ ಕಲಸಿ ಎಲ್ಲ ಬಣ್ಣವೂ ಒಂದೇ ಬೂದು ಆಗುತ್ತಿತ್ತು, ಅಮ್ಮಸಂದ್ರದ ಸಿಮೆಂಟು ಫ್ಯಾಕ್ಟರಿಯ ಗೋಡೆಗೆಲ್ಲ ಬಳಿಯುವಷ್ಟು. ಒಂದು ದಿನ ಹಟ ಮಾಡಿ ದಾಸವಾಳ ಬರೆದೆ. ಬೆಳಿಗ್ಗೆ ನನ್ನ ಕಡೆ ಮುಖ ಮಾಡಿದ್ದ ಹೂವು ಮಧ್ಯಾಹ್ನಕ್ಕೆ ಕಿಟಕಿಯ ಕಡೆ ತಿರುಗಿತು, ಸಂಜೆಗೆ ಮುದುರಿಕೊಂಡಿತು. ನಾನು ಮೂರನ್ನೂ ಒಂದೇ ಹೂವಿನಲ್ಲಿ ಸೇರಿಸಿದೆ. ಶಾಂತ ಬಹಳ ಹೊತ್ತು ನೋಡಿ, "ಟೊಮ್ಯಾಟೊ ಚೆನ್ನಾಗಿ ಬಂದೈತೆ ಕಣ್ರೀ," ಎಂದಳು. ಪಾಪ, ಹೊಗಳಬೇಕೆಂದೇ ಹೇಳಿದ್ದು.

ಇಷ್ಟೆಲ್ಲ ಪಾಡು ಯಾಕೆ ಎಂದು ನೀವು ಕೇಳಬಹುದು. ಅದಕ್ಕೆ ನಮ್ಮ ಗಿರಿಜಕ್ಕನ ವಿಷಯ ಹೇಳಬೇಕು.

ಗಿರಿಜಕ್ಕ ನನ್ನ ಸ್ವಂತ ಅಕ್ಕ. ನಾನು ಅಂಬೆಗಾಲಿಡುವಾಗ ಅವಳು ಲಂಗ ಉಟ್ಟು ನೀರು ಹೊರುತ್ತಿದ್ದಳು. ಅವಳನ್ನು ಕೊಟ್ಟದ್ದು ನಮ್ಮೂರಿಗೇ, ನಮ್ಮ ಬೀದಿಗೇ, ನಮ್ಮ ಸಾಲಿನಲ್ಲೇ ನಾಲ್ಕು ಮನೆಯ ಆಚೆಗೆ. ಮದುವೆಯಾದ ದಿನ ಹೆಣ್ಣು ಒಪ್ಪಿಸುವಾಗ ದೊಡ್ಡ ತೊಡಕು ಬಂತು. ನಮ್ಮ ಜಗಲಿಯಿಂದ ಇಳಿದರೆ ಅವರ ಜಗಲಿ; ಅಳುವುದಕ್ಕೂ ಒಂದಿಷ್ಟು ದಾರಿ ಬೇಡವೇ? ಕೊನೆಗೆ ಹಿರಿಯರೆಲ್ಲ ಸೇರಿ ಮದುವಣಗಿತ್ತಿಯನ್ನು ಬಾಡಿಗೆ ವ್ಯಾನಿನಲ್ಲಿ ಕೂರಿಸಿ ತುರುವೇಕೆರೆಯತನಕ ಕರೆದುಕೊಂಡು ಹೋಗಿ, ಅಲ್ಲಿ ಎಲ್ಲರಿಗೂ ಒಂದೊಂದು ಸೋಡಾ ಕುಡಿಸಿ, ಬೇರೆ ದಾರಿಯಲ್ಲಿ ವಾಪಸ್ಸು ಕರೆತಂದು ಗಂಡನ ಮನೆ ತುಂಬಿಸಿದರು. ಹೋಗುವಾಗ ಅಮ್ಮ, ಅಕ್ಕ ಇಬ್ಬರೂ ಮನಸಾರೆ ಅತ್ತರು. ಬರುವಾಗ ಅಕ್ಕ ನಿದ್ದೆ ಮಾಡಿದ್ದಳು.

ಆ ಮದುವೆಯಲ್ಲಿ ಅವಳಿಗೆ ಹಾಕಿದ್ದ ಮೊಗ್ಗಿನ ಜಡೆಯನ್ನು ನಾನು ಈಗಲೂ ಬರೆಯಬಲ್ಲೆ. ಮಲ್ಲಿಗೆ ಮೊಗ್ಗು ಸಾಲುಸಾಲಾಗಿ ಹೊಲಿದು, ನಡುನಡುವೆ ಕನಕಾಂಬರದ ಪಟ್ಟಿ ಕೊಟ್ಟು, ತುದಿಗೆ ಮರುಗದ ಕುಚ್ಚು ಕಟ್ಟಿದ್ದರು. ಜಡೆಯ ಭಾರಕ್ಕೆ ಅವಳ ತಲೆ ಹಿಂದಕ್ಕೆ ವಾಲುತ್ತಿತ್ತು. ಆದ್ದರಿಂದ ಮದುವೆಯ ಎಲ್ಲ ಫೋಟೋಗಳಲ್ಲೂ ನಮ್ಮಕ್ಕ ಆಕಾಶ ನೋಡುವವಳ ಹಾಗೆ, ಗರ್ವದ ಹೆಣ್ಣಿನ ಹಾಗೆ ಕಾಣುತ್ತಾಳೆ. ತಿಪಟೂರಿನಿಂದ ಬಂದಿದ್ದ ಫೋಟೋದವನು ಜಡೆ ಕಾಣಲೆಂದು ಹಿಂದೆ ಒಂದು ಕನ್ನಡಿ ಇಟ್ಟಿದ್ದ. ಆ ಕನ್ನಡಿಯಲ್ಲಿ ಲಾಡು ತಿನ್ನುತ್ತಿರುವ ನಾನೂ ಇದ್ದೇನೆ.

ಭಾವ ಒಳ್ಳೆಯವರು. ಹೆಚ್ಚು ಕಾಲ ಬದುಕಲಿಲ್ಲ. ಅಕ್ಕ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿ, ಮದುವೆ ಮಾಡಿ, ತೋಟ ನೋಡಿಕೊಂಡು, ನಮ್ಮೆಲ್ಲರಿಗಿಂತ ಗಟ್ಟಿಯಾಗಿ ಇದ್ದಾಳೆ. ಅವಳ ಹಿತ್ತಲಲ್ಲಿ ಇಲ್ಲದ ಹೂವಿಲ್ಲ: ಕಾಕಡ, ಕಣಗಿಲೆ, ನಂದಿಬಟ್ಟಲು, ಡೇರೆ, ಮರುಗ, ಮತ್ತು ಉದ್ದುದ್ದ ಸಾಲುಗಳಲ್ಲಿ ಕನಕಾಂಬರ. ಮಧ್ಯಾಹ್ನವಾದರೆ ಜಗಲಿಯ ಮೇಲೆ ಬಾಳೆನಾರು ನೆನೆಹಾಕಿಕೊಂಡು ಹೂವು ಕಟ್ಟಲು ಕೂರುತ್ತಾಳೆ. ಬೀದಿಯಲ್ಲಿ ಹೋಗುವ ಯಾವ ಹೆಂಗಸನ್ನೂ ಬರಿತಲೆಯಲ್ಲಿ ಬಿಡುವುದಿಲ್ಲ. "ಬಾರೇ ಇಲ್ಲಿ, ಏನ್ ತಲೆ ಅದು, ಗುಬ್ಬಿ ಗೂಡು," ಎಂದು ಕರೆದು, ಬೈದು, ಒಂದು ತುಂಡು ಮುಡಿಸಿ ಕಳಿಸುತ್ತಾಳೆ. ಭಾವ ಹೋದ ಮೇಲೆ ತಾನು ಮಾತ್ರ ಒಂದು ಎಸಳನ್ನೂ ಮುಡಿದದ್ದಿಲ್ಲ.

ನಮ್ಮಲ್ಲಿ ಅಂಥ ಕಟ್ಟಳೆ ಏನೂ ಇಲ್ಲ ಎಂದು ಮಠದ ಸ್ವಾಮಿಗಳು ಸಭೆಯಲ್ಲಿ ಹೇಳುತ್ತಾರೆ. ಎಲ್ಲರೂ ತಲೆಯಾಡಿಸುತ್ತಾರೆ. ಅಕ್ಕನೂ ಆಡಿಸುತ್ತಾಳೆ. ಮನೆಗೆ ಬಂದ ಮೇಲೆ ಆ ತಲೆ ಹಾಗೇ ಖಾಲಿ. ಮಕ್ಕಳು ಹೇಳಿ ನೋಡಿದರು, ಮೊಮ್ಮಕ್ಕಳು ಹೇಳಿ ನೋಡಿದರು. "ನಂಗೆ ಯಾರೂ ಬ್ಯಾಡ ಅಂದಿಲ್ಲ ಕಣ್ರವ್ವಾ, ನಂಗೇ ಅಭ್ಯಾಸ ತಪ್ಪೋಗೈತೆ ಬುಡಿ," ಎಂದು ಮಾತು ತೇಲಿಸುತ್ತಾಳೆ. ಒಂದು ಯುಗಾದಿಗೆ ಶಾಂತ ಧೈರ್ಯ ಮಾಡಿ ಹಿಂದಿನಿಂದ ಹೋಗಿ ಅವಳ ತುರುಬಿಗೆ ಹೂವು ಸಿಕ್ಕಿಸಿಯೇಬಿಟ್ಟಳು. ಅಕ್ಕ ಕೋಪ ಮಾಡಿಕೊಳ್ಳಲಿಲ್ಲ. ನಗುತ್ತಲೇ ತೆಗೆದು, ಪಕ್ಕದಲ್ಲಿ ಕಟ್ಟಿದ್ದ ಹಸುವಿನ ಕೊಂಬಿಗೆ ಸುತ್ತಿ, "ನೋಡು, ನಿಂಗಿಂತ ಚೆಂದಾಗಿ ಕಾಣ್ತಳೆ," ಎಂದಳು. ಹಸು ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು. ಆದರೂ ಆ ರಾತ್ರಿ ಶಾಂತ ಸರಿಯಾಗಿ ಊಟ ಮಾಡಲಿಲ್ಲ.

ನನಗೂ ಆವತ್ತಿನಿಂದ ಒಂದೇ ಯೋಚನೆ. ಇಡೀ ಬೀದಿಗೆ ಹೂವು ಹಂಚುವ ನಮ್ಮಕ್ಕನಿಗೆ ಅವಳದೇ ಆದ ಒಂದು ಹೂವಿರಬೇಕು. ತಲೆಯಲ್ಲಿ ಬೇಡವೆಂದರೆ ಗೋಡೆಯ ಮೇಲಾದರೂ ಇರಲಿ. ಬರೆದ ಹೂವಿಗೆ ಶಾಸ್ತ್ರವಿಲ್ಲ, ಬಾಡುವುದಿಲ್ಲ, ಹಸುವಿಗೆ ಕಟ್ಟಲಾಗುವುದಿಲ್ಲ. ಟೊಮ್ಯಾಟೊಗಳನ್ನೆಲ್ಲ ಸಹಿಸಿಕೊಂಡು ಕೂತದ್ದು ಇದಕ್ಕೇ.

ಕೈ ಸ್ವಲ್ಪ ಕುದುರಿತು ಎನ್ನಿಸಿದ ಮೇಲೆ ಒಂದು ಬೆಳಿಗ್ಗೆ ಹೋಗಿ ಕೇಳಿದೆ.

"ಅಕ್ಕ, ನೀನು ಕಟ್ಟಿದ ಕನಕಾಂಬರದ ಮಾಲೆ ಒಂದು ಕೊಡು. ಎದುರಿಗಿಟ್ಕೊಂಡು ಬರೀಬೇಕು. ಬರೆದಿದ್ದು ನಿಂಗೇ."

"ನಂಗ್ಯಾಕ್ಲಾ?"

"ನಿನ್ ರೂಮಿನ ಗೋಡೆಗೆ."

ಅವಳು ನಾರು ಸೀಳುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಅವಳಿಗೆ ಅರ್ಥವಾಯಿತೆಂದು ನನಗೆ ಗೊತ್ತಾಯಿತು. ಹೇಳಿದೆನಲ್ಲ, ನನ್ನ ಮುಖದಲ್ಲಿ ಏನೂ ನಿಲ್ಲುವುದಿಲ್ಲ.

"ಇವತ್ತು ಕಟ್ಟಿರಾದು ಸಂಜೆ ಪೂಜೆಗೆ. ದೇವ್ರು ಹೂವ ಸುಮ್ನೆ ನೋಡ್ಕಂಡು ಕೂರಕ್ಕೆ ಕೊಡ್ತಾರೇನ್ಲಾ? ಹೋಗ್ಲಿ, ಕಡ ಕೊಡ್ತೀನಿ. ನೆಲಕ್ಕಿಡಂಗಿಲ್ಲ, ಮೂಸಂಗಿಲ್ಲ. ದೀಪ ಹಚ್ಚೋ ಹೊತ್ಗೆ ತಂದ್ಕೊಡ್ಬೇಕು. ಇದೊಂದು ಸಾರಿನೇಯ, ಇನ್ನೊಂದ್ಸಾರಿ ಕೇಳ್ಬ್ಯಾಡ."

"ಚೆನ್ನಾಗಿ ಬಂದ್ರೆ ಗೋಡೆಗೆ ಹಾಕ್ಕೊಳ್ತೀಯ ತಾನೆ?"

"ಹೂವ ಹೂವಿನಂಗೇ ಇದ್ರೆ ಹಾಕ್ಕತೀನಿ. ಟೊಮೇಟೊ ಆದ್ರೆ ನಿಮ್ಮನೇಲೇ ಸಾರು ಮಾಡ್ಕಳಿ," ಎಂದಳು. ನಮ್ಮ ಮನೆಯ ಸುದ್ದಿ ನಾಲ್ಕು ಮನೆ ದಾಟುವುದಕ್ಕೆ ಎಷ್ಟು ಹೊತ್ತು!

ಬೇರೆಯವರು ಮಧ್ಯಾಹ್ನದ ಬಿಸಿಲಿಗೆ ಹೆದರಿ, ಹೂವು ಬಾಡೀತೆಂದು ಒಂದೇ ಸಲ ಕೂತು ಬರೆಯುತ್ತಾರೆ. ಕನಕಾಂಬರ ಅಷ್ಟು ಬೇಗ ಬಾಡುವುದಿಲ್ಲ. ನನಗೆ ಅಕ್ಕನ ದೀಪದ ಭಯ. ಕಡ ತಂದ ಹೂವನ್ನು ಎರಡು ಕೈಯಲ್ಲಿ ಹಿಡಿದು ಮನೆಗೆ ಬಂದೆ. ಶಾಂತ ಮಣೆ ತೊಳೆದು ಸ್ಟೂಲಿನ ಮೇಲಿಟ್ಟಿದ್ದಳು. ಅದರ ಮೇಲೆ ಬಾಳೆಲೆ, ಎಲೆಯ ಮೇಲೆ ಸುರುಳಿ ಸುತ್ತಿದ ಮಾಲೆ. ಕಿಟಕಿಯ ಬೆಳಕು ಒಂದು ಪಕ್ಕಕ್ಕೆ ಬಿದ್ದು ಹೂವುಗಳ ಒಳಗೆ ದೀಪ ಇಟ್ಟ ಹಾಗಿತ್ತು. ಬಾಗಿಲು ಹಾಕಿಸಿದೆ. ಫೋನು ಆರಿಸಿದೆ. ಕಾಫಿ ಕೂಡ ಬೇಡವೆಂದೆ. ಶಾಂತ ನನ್ನ ಹಣೆ ಮುಟ್ಟಿ ನೋಡಿ ಹೋದಳು.

ಕನಕಾಂಬರದ ಬಣ್ಣ ಸಿಗುವುದು ಕಷ್ಟ. ಕೆಂಪಿಗೆ ಹಳದಿ ಹಾಕಿದರೆ ಕಿತ್ತಳೆಹಣ್ಣಾಗುತ್ತದೆ, ಬಿಳಿ ಸೇರಿಸಿದರೆ ಮಾತ್ರೆಯ ಬಣ್ಣ ಬರುತ್ತದೆ. ಕಲಸಿ ಕಲಸಿ, ಸ್ವಲ್ಪ ಗುಲಾಬಿ ತಾಗಿಸಿದಾಗ ಥಟ್ಟನೆ ಬಂತು. ಬಂದದ್ದೇ ಕೈ ಓಡತೊಡಗಿತು. ನೆರಳಿನ ಹೂವು ಮೊದಲು, ಬೆಳಕಿನ ಹೂವು ಆಮೇಲೆ, ನಡುವೆ ಮರುಗದ ಹಸಿರು. ಹಸಿಯ ಮೇಲೆ ಹಸಿ ಕೂತರೂ ಕಲಸಿ ಬೂದಾಗಲಿಲ್ಲ. ನನಗೇ ಆಶ್ಚರ್ಯ. ನನ್ನ ಜೀವಮಾನದಲ್ಲಿ ಅಷ್ಟು ಸಂತೋಷವಾಗಿ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ.

ಅರ್ಧ ಮಾಲೆ ಮುಗಿದಿತ್ತು, ಅಗಸೆ ಎಣ್ಣೆಯ ಶೀಶೆ ಖಾಲಿಯಾಯಿತು. ಎಣ್ಣೆಬಣ್ಣವನ್ನು ತೆಳುಮಾಡಿಕೊಳ್ಳಲು ಅದು ಬೇಕೇ ಬೇಕು. ತುಮಕೂರಿಗೆ ಹೋಗಿ ಬರುವ ಹೊತ್ತಿಗೆ ಅಕ್ಕನ ದೀಪ ಹತ್ತಿ, ಆರಿ, ಅಕ್ಕ ಮಲಗಿರುತ್ತಾಳೆ. ಬಿಟ್ಟು ಏಳುವಂತಿಲ್ಲ, ಒಂದೇ ಸಲ ಕೂತು ಮುಗಿಸುವ ವಿದ್ಯೆ. "ಶಾಂತಾ, ಎಣ್ಣೆ ಕೊಡೇ!" ಎಂದು ಕೂಗಿದೆ. ನಮ್ಮ ಮನೆಯಲ್ಲಿ ಬರೀ ಎಣ್ಣೆ ಎಂದರೆ ನಮ್ಮ ತೋಟದ ಕೊಬ್ಬರಿಯನ್ನು ಗಾಣಕ್ಕೆ ಹಾಕಿಸಿ ತಂದ ಎಣ್ಣೆ. ತಲೆಗೆ ಅದೇ, ದೇವರ ದೀಪಕ್ಕೆ ಅದೇ, ನನ್ನ ಮಂಡಿಗೆ ಅದೇ, ಕಿರುಗುಟ್ಟುವ ಬಾಗಿಲಿಗೂ ಅದೇ. ಶಾಂತ ಬಟ್ಟಲಲ್ಲಿ ತಂದಿಟ್ಟಳು. ನಾನು ಮೂಸಿ ನೋಡಿಯೂ ಹಿಂದೆ ಮುಂದೆ ಯೋಚಿಸಲಿಲ್ಲ. ಅಗಸೆಬೀಜ ಕಾಣದ ಊರಿನವನಿಗೆ ಆ ಗಳಿಗೆಯಲ್ಲಿ ಜಂಬವೇ ಬಂತೆನ್ನಿ. ಇಟಲಿಯವರಿಗೆ ತೆಂಗಿನಮರ ಇದ್ದಿದ್ದರೆ ಅವರೂ ಇದನ್ನೇ ಹಾಕುತ್ತಿದ್ದರು ಎಂದುಕೊಂಡೆ.

ಆಹಾ, ಕುಂಚ ಹೇಗೆ ಜಾರಿತು ಅಂತೀರಿ! ಬೆಣ್ಣೆಯ ಮೇಲೆ ಬೆರಳು ಎಳೆದ ಹಾಗೆ. ಉಳಿದರ್ಧ ಮಾಲೆ ಮೊದಲರ್ಧಕ್ಕಿಂತ ಚೆನ್ನಾಗಿ ಬಂತು. ಅದು ಎಷ್ಟು ಹಿಡಿಸಿತೆಂದರೆ ಮೊದಲು ಬರೆದ ಭಾಗಕ್ಕೂ ಒಂದು ಕೈ ಎಣ್ಣೆ ತಾಗಿಸಿದೆ. ಬೀದಿ ದೀಪ ಹತ್ತುವ ಮುಂಚೆಯೇ ಮಾಲೆಯನ್ನು ಅಕ್ಕನ ಕೈಗೆ ವಾಪಸ್ಸು ಕೊಟ್ಟೆ. ಅವಳು ನೀರು ಚಿಮುಕಿಸಿ ದೇವರಿಗೆ ಏರಿಸಿದಳು. ಚಿತ್ರ ಎಲ್ಲಿ ಎಂದಳು. "ಹಸಿ ಐತಕ್ಕ, ಒಣಗಿದ ಮೇಲೆ ತೋರಿಸ್ತೀನಿ," ಎಂದೆ.

ಒಂದು ವಾರ ಕಾದೆ. ಮುಟ್ಟಿದರೆ ಬೆರಳಿಗೆ ಬಣ್ಣ. ಇನ್ನೊಂದು ವಾರ, ಮತ್ತೂ ಬಣ್ಣ. ಅಕ್ಕ ದಿನಾ ಸಂಜೆ ಜಗಲಿಯಿಂದಲೇ ಕೂಗಿ ಕೇಳುತ್ತಿದ್ದಳು, "ಏನ್ಲಾ ಚಂದ್ರ, ಎಲ್ಲೋ ನನ್ ಹೂವ?" ಎಂದು. "ಒಣಗ್ತಾ ಐತೆ!" ಎಂದು ನಾನೂ ಕೂಗುತ್ತಿದ್ದೆ. "ಅಟ್ಟದ ಮ್ಯಾಲೆ ಹಾಕಿದ್ದೀಯೇನ್ಲಾ?" ಎಂದು ಅವಳು. ಬೀದಿಯೆಲ್ಲ ನಗು. ತಿಂಗಳಾದರೂ ಅದು ಆವತ್ತೇ ಬರೆದ ಹಾಗೆ ಪಳಪಳ ಎನ್ನುತ್ತಿತ್ತು. ಇರುವೆಗಳು ವಾಸನೆ ಹಿಡಿದು ಬಂದವು. ಶಾಂತ ನಾಲ್ಕು ಕರಟದಲ್ಲಿ ನೀರು ತುಂಬಿಸಿ ಚಿತ್ರವಿಟ್ಟಿದ್ದ ಮೇಜಿನ ಕಾಲುಗಳನ್ನು ಅದರೊಳಗೆ ನಿಲ್ಲಿಸಿದಳು. "ಇದು ಚಿತ್ರ ಅಲ್ಲ ಕಣ್ರೀ, ಉಪ್ಪಿನ್ಕಾಯಿ ಜಾಡಿ," ಎಂದು ಬೈಯುತ್ತಲೇ ದಿನಾ ನೀರು ಬದಲಾಯಿಸುತ್ತಿದ್ದಳು.

ಮಾಗಿ ಚಳಿ ಶುರುವಾದ ಒಂದು ಬೆಳಿಗ್ಗೆ ಮುಟ್ಟಿದರೆ ಬೆರಳಿಗೆ ಏನೂ ಅಂಟಲಿಲ್ಲ. ಗಟ್ಟಿ! ನಾನು ಶಾಂತಳನ್ನು ಕರೆದು ಕುಣಿಯುವುದೊಂದು ಬಾಕಿ. ಫ್ರೇಮು ಹಾಕಿಸಲು ಹೊರಡೋಣವೆಂದು ಚಿತ್ರವನ್ನು ಬಿಸಿಲಿಗೆ ತಂದು ಜಗಲಿಯ ಮೇಲಿಟ್ಟು ಅಂಗಿ ಹಾಕಿಕೊಳ್ಳಲು ಒಳಗೆ ಹೋದೆ. ಬರುವ ಹೊತ್ತಿಗೆ ಕನಕಾಂಬರ ಬೆವರುತ್ತಿತ್ತು. ತಲೆಗೆ ಹಚ್ಚುವ ಎಣ್ಣೆ ಚಳಿಗಾಲದಲ್ಲಿ ಶೀಶೆಯೊಳಗೆ ಹೇಗೆ ಹೆಪ್ಪುಗಟ್ಟಿ, ಬಿಸಿಲಿಗಿಟ್ಟರೆ ಹೇಗೆ ಕರಗುತ್ತದೆಂದು ಹುಟ್ಟಿದಾಗಿನಿಂದ ನೋಡಿದವನು ನಾನು. ಆದರೂ ತಲೆಗೆ ಹೊಳೆದದ್ದು ಆ ಗಳಿಗೆಯಲ್ಲಿ.

ಬಣ್ಣದ ಅಂಗಡಿಯವರಿಗೆ ಫೋನು ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, ಫೋನಿಗೆ ಕೈ ಅಡ್ಡ ಹಿಡಿದರು. ನಗುತ್ತಿದ್ದರೆಂದು ಕಾಣುತ್ತದೆ. "ಅಗಸೆ ಎಣ್ಣೆ ಗಾಳಿಗೆ ಒಣಗುತ್ತೆ ಸಾರ್. ಕೊಬ್ಬರಿ ಎಣ್ಣೆ ಜನ್ಮದಲ್ಲಿ ಒಣಗಲ್ಲ. ಒರೆಸಿ ಹಾಕಿ ಹೊಸದಾಗಿ ಮಾಡಿ," ಎಂದರು.

ಹೊಸದಾಗಿ ಮಾಡುವುದು ಎಲ್ಲಿಂದ? ಇದೊಂದು ಸಾರಿಯೇ ಎಂದು ಅಕ್ಕ ಹೇಳಿಬಿಟ್ಟಿದ್ದಳು. ದೇವರ ವಿಷಯದಲ್ಲಿ ಅವಳು ಮಾತು ಬದಲಿಸುವವಳಲ್ಲ. ಬೇರೆ ಕಡೆಯಿಂದ ಕನಕಾಂಬರ ತಂದು ಬರೆದರೆ ಅದು ಅವಳು ಕಟ್ಟಿದ್ದಾಗುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಆವತ್ತಿನ ಕೈ ನನಗೆ ಮತ್ತೆ ಬರುತ್ತದೆಂಬ ನಂಬಿಕೆ ಇರಲಿಲ್ಲ. ಹಾಗೇ ಬಿಟ್ಟರೆ ಬೇಸಿಗೆಗೆ ತಾನಾಗಿಯೇ ಕರಗಿ ಹರಿದು ಹೋಗುತ್ತದೆ. ಮೇಜಿನ ಮುಂದೆ ಒಂದು ಹಳೆಯ ಪಂಚೆ ಹಿಡಿದು, ಒರೆಸಿಬಿಡೋಣವೆಂದು ಕೂತೆ. ಒಂದು ಅಂಚು ಒರೆಸಿಯೂ ಆಯಿತು. ಮುಂದಕ್ಕೆ ಕೈ ಹೋಗಲಿಲ್ಲ. ನನಗೆ ನಿಜವಾಗಿಯೂ ದುಃಖವಾಯಿತು. ಈ ವಯಸ್ಸಿನಲ್ಲಿ ಒಂದು ಚಿತ್ರಕ್ಕೆ ಅಳುತ್ತಾರೆಯೇ ಎಂದು ನನ್ನನ್ನೇ ಬೈದುಕೊಂಡೆ.

ಆ ಹೊತ್ತಿಗೆ ಸರಿಯಾಗಿ, "ಶಾಂತಾ, ಹೂವ ತಗಳೇ," ಎನ್ನುತ್ತ ಅಕ್ಕ ಒಳಗೇ ಬಂದಳು. ಮುಚ್ಚಿಡಲು ಪುರಸೊತ್ತಾಗಲಿಲ್ಲ. ಬಂದವಳು ಮೇಜಿನ ಮುಂದೆ ನಿಂತಳು.

ನಾನು ಅವಳ ಮುಖ ನೋಡುತ್ತಿದ್ದೆ. ಹುಬ್ಬು ಮೇಲೇರಿತು. ಬಗ್ಗಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೂ ಹತ್ತಿರ ಬಗ್ಗಿದಳು.

"ಇದು ನಾನ್ ಕಟ್ಟಿದ್ದೇಯ," ಎಂದಳು. "ನೋಡೇ ಶಾಂತಾ, ಮರುಗ ನಾನಿಡಂಗೇ ಇಟ್ಟವ್ನೆ. ಗಂಟೂ ನಂದೇ. ಅಯ್ಯೋ, ಇನ್ನೂ ಬಾಡೇ ಇಲ್ವಲ್ಲೋ!"

ಎನ್ನುತ್ತ ಕೈ ಚಾಚಿದಳು. ನಾನು "ಅಕ್ಕಾ, ಹಸಿ!" ಎನ್ನುವಷ್ಟರಲ್ಲಿ ಅವಳ ನಾಲ್ಕು ಬೆರಳೂ ಮಾಲೆಯ ಮೇಲಿದ್ದವು. ಬಟ್ಟೆಯ ಹೂವೋ ನಿಜದ್ದೋ ಎಂದು ಸವರಿ ನೋಡುವ ಹಾಗೆ ಮೆಲ್ಲಗೆ ಸವರಿದಳು. ಬೆರಳಿಗೆ ಜಿಡ್ಡು ತಾಗಿತು. ಮೂಗಿನ ಹತ್ತಿರ ತಂದಳು.

"ಕೊಬ್ರಿ ಎಣ್ಣೆ ಕಣ್ಲಾ!"

ಕೊಬ್ಬರಿ ಎಣ್ಣೆಯಾದ ಬೆರಳನ್ನು ನಮ್ಮ ಕಡೆಯ ಹೆಂಗಸರು ಏನು ಮಾಡುತ್ತಾರೆಂದು ನಿಮಗೆ ಗೊತ್ತು. ಬಟ್ಟೆಗೆ ಒರೆಸುವುದಿಲ್ಲ, ನೀರಿಗೆ ತೊಳೆಯುವುದಿಲ್ಲ. ಅಷ್ಟು ಎಣ್ಣೆಯನ್ನು ಯಾರು ದಂಡ ಮಾಡುತ್ತಾರೆ? ಅಕ್ಕನ ಕೈ ಅವಳನ್ನು ಕೇಳದೆಯೇ ಮೇಲೆ ಹೋಯಿತು. ಬೈತಲೆಯ ಪಕ್ಕದಿಂದ ಹಿಡಿದು ತುರುಬಿನತನಕ, ಹಾಯಾಗಿ, ಒಂದು ಸಲ ಅಲ್ಲ ಎರಡು ಸಲ, ಒತ್ತಿ ಸವರಿಕೊಂಡಳು. ಬೆಳ್ಳಗಿನ ಕೂದಲ ಮೇಲೆ ಕನಕಾಂಬರ ಉದ್ದಕ್ಕೂ ಹರಡಿತು.

ಶಾಂತ ಬಾಯಿಗೆ ಸೆರಗು ಇಟ್ಟುಕೊಂಡಳು. ನಮ್ಮಿಬ್ಬರ ಮುಖ ನೋಡಿ ಅಕ್ಕನಿಗೆ ಏನೋ ಆಗಿದೆ ಎಂದು ತಿಳಿಯಿತು. ಬೀರುವಿನ ಕನ್ನಡಿಯ ಮುಂದೆ ಹೋಗಿ ನಿಂತಳು. ತಲೆ ಆ ಕಡೆ ವಾಲಿಸಿದಳು, ಈ ಕಡೆ ವಾಲಿಸಿದಳು. ಶಾಂತ ಹೆದರಿ, "ಅಕ್ಕ, ಸೀಗೆಪುಡಿ ತತ್ತೀನಿ, ಬನ್ನಿ ತೊಳ್ದುಬುಡ್ತೀನಿ, ಬಣ್ಣ ಒಳ್ಳೇದಲ್ಲ," ಎಂದಳು.

"ಇರ್ಲಿ ಬುಡೇ," ಎಂದಳು ಅಕ್ಕ. ಕನ್ನಡಿಯಿಂದ ಕಣ್ಣು ತೆಗೆಯದೆಯೇ ಹೇಳಿದಳು. ಆಮೇಲೆ ಅವಳ ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆಂದು ನಾನು ಹತ್ತಿರ ಹೋದೆ, ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. "ನಿನ್ ಮನೆ ಕಾಯ್ವೋಗ, ಎಂಥ ಕೆಲ್ಸ ಮಾಡ್ದ್ಯೋ ಚಂದ್ರ," ಎಂದು ನನ್ನ ಬೆನ್ನಿಗೆ ಒಂದು ಗುದ್ದಿದಳು. ಶಾಂತಳೂ ನಗತೊಡಗಿದಳು. ಅತ್ತವನು ನಾನೊಬ್ಬನೇ.

ಚಿತ್ರವನ್ನು ಹಸಿಯಾಗಿದ್ದಂತೆಯೇ ಎರಡು ಕೈಯಲ್ಲಿ ಹಿಡಿದುಕೊಂಡು, ಸೀರೆಗೆ ತಾಗದಂತೆ ದೂರಕ್ಕೆ ಚಾಚಿಕೊಂಡು, ಅಕ್ಕ ಬೀದಿಗಿಳಿದಳು. ನಾನೂ ಶಾಂತಳೂ ಬಾಗಿಲಲ್ಲಿ ನಿಂತು ನೋಡಿದೆವು. ಸಂಜೆ ಹಾಲು ಹಾಕಲು ಹೊರಟಿದ್ದ ಹೆಂಗಸೊಬ್ಬಳು ಕ್ಯಾನು ಕೆಳಗಿಟ್ಟು, "ಗಿರಿಜಮ್ಮ, ತಲೆಲೇನ್ರೀ ಅದು? ಬಣ್ಣ ತಗಲೈತೆ, ತೊಳ್ಕಬಾರ್ದಾ?" ಎಂದಳು.

ಅಕ್ಕ ನಿಂತಳು. ತಲೆ ಎತ್ತಿದಳು.

"ತವರ್ಮನೆ ಹೂವ ಕಣೇ," ಎಂದಳು, ಇಡೀ ಬೀದಿಗೆ ಕೇಳುವಂತೆ. "ನಾನಾಗಿ ತೆಗಿಯಂಗಿಲ್ಲ. ಅದಾಗೇ ಬಾಡ್ಬೇಕು."